ಮೂಕಜ್ಜಿಯ ಅದ್ಭುತವೂ ಓದುಗನ ನಿರಾಶೆಯೂ

ಅದ್ಭುತಕ್ಕೆ ಮನಸೋತು ಕೈಗೆತ್ತಿಕೊಂಡ ಕಾದಂಬರಿ ಕೊನೆಯ ಪುಟದ ಹೊತ್ತಿಗೆ ಬೇಸರ ತರಿಸುವುದುಂಟು. ಆ ಬೇಸರವನ್ನು ಓದುಗನ ಅಪಕ್ವತೆಯೆಂದು ತಳ್ಳಿಹಾಕುವ ವಿಮರ್ಶೆಯೂ, ಲೇಖಕನ ಸೋಲೆಂದು ತೀರ್ಪು ಕೊಡುವ ವಿಮರ್ಶೆಯೂ ಅವಸರದವೇ ಆಗಿರುತ್ತವೆ. ಕನ್ನಡದಲ್ಲಿ ಈ ನಿರಾಶೆಯ ಸ್ವರೂಪವನ್ನು ಪರೀಕ್ಷಿಸಲು ಕೋಟದ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 1968ರಲ್ಲಿ ಪ್ರಕಟವಾಗಿ, 1977ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾದ ಈ ಕೃತಿಯ ವಸ್ತುವನ್ನು ಒಂದೇ ವಾಕ್ಯದಲ್ಲಿ ಹೇಳಿದರೆ ಅದು ಅಪ್ಪಟ ಅದ್ಭುತಕಥೆಯಂತೆಯೇ ಕೇಳಿಸುತ್ತದೆ: ಮೂಡೂರೆಂಬ ಹಳ್ಳಿಯಲ್ಲಿ, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ಮುದುಕಿಯಾಗಿರುವ ಮೂಕಾಂಬಿಕೆ ಎಂಬ ಮೂಕಜ್ಜಿ ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಸಾಕು, ಅದರ ಗತಕಾಲವೆಲ್ಲ ಅವಳ ಒಳಗಣ್ಣಿಗೆ ಕಾಣತೊಡಗುತ್ತದೆ. ಇಷ್ಟನ್ನು ಕೇಳಿ ಪುಸ್ತಕ ತೆರೆದವನು ಮುಂದೇನು ರೋಮಾಂಚಕಾರಿಯಾದುದು ನಡೆಯುವುದೋ ಎಂದು ಕಾದರೆ, ಅಲ್ಲಿ ನಡೆಯುವುದು ಬಹುಮಟ್ಟಿಗೆ ಮಾತು. ಸಂಬಂಧದಲ್ಲಿ ಮೊಮ್ಮಗನಾಗುವ ಸುಬ್ಬರಾಯ ಕೇಳುತ್ತಾನೆ, ಅಜ್ಜಿ ಹೇಳುತ್ತಾಳೆ. ದೇವರ ಕಲ್ಪನೆ ಹುಟ್ಟಿದ ಬಗೆ, ಹೆಣ್ಣುಗಂಡುಗಳ ಸಂಬಂಧ, ವೈರಾಗ್ಯದ ಟೊಳ್ಳುತನ ಮುಂತಾದವು ಒಂದೊಂದಾಗಿ ಚರ್ಚೆಗೆ ಬಂದು ಹೋಗುತ್ತವೆ.

ಫ್ಯಾಂಟಸಿ, ಎಂದರೆ ನಿಸರ್ಗನಿಯಮಕ್ಕೆ ಹೊರತಾದ ಸಂಗತಿಯನ್ನು ನಿಜವೆಂಬಂತೆ ಕಟ್ಟಿಕೊಡುವ ಕಥಾಪ್ರಕಾರ, ಓದುಗನೊಡನೆ ಮಾತಿಲ್ಲದ ಒಡಂಬಡಿಕೆಯೊಂದನ್ನು ಮಾಡಿಕೊಂಡಿರುತ್ತದೆ. ‘ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಜೆ.ಆರ್.ಆರ್. ಟೋಲ್ಕಿನ್ 1939ರ ಉಪನ್ಯಾಸವೊಂದರಲ್ಲಿ ಇದನ್ನು ವಿವರಿಸುತ್ತ, ಕಥೆಗಾರನು ತನ್ನದೇ ನಿಯಮಗಳುಳ್ಳ ಎರಡನೆಯ ಜಗತ್ತೊಂದನ್ನು ಸೃಷ್ಟಿಸುತ್ತಾನೆ, ಆ ನಿಯಮಗಳು ನಿಲ್ಲುವವರೆಗೆ ಓದುಗನ ನಂಬಿಕೆಯೂ ನಿಲ್ಲುತ್ತದೆ ಎಂಬ ಅಭಿಪ್ರಾಯವನ್ನು ಮಂಡಿಸಿದ್ದರು. ಕುಂದಾಪುರ ಸೀಮೆಯಲ್ಲಿ ಮಂದಾರ್ತಿ, ಮಾರಣಕಟ್ಟೆ ಯಕ್ಷಗಾನ ಮೇಳಗಳ ಹರಕೆ ಆಟವನ್ನು ಬೆಳಗಿನವರೆಗೆ ನೋಡಿ ಬೆಳೆದವರಿಗೆ ಈ ಮಾತನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ‘ಭಸ್ಮಾಸುರ ಮೋಹಿನಿ’ ಪ್ರಸಂಗದಲ್ಲಿ ರಾಕ್ಷಸನಿಗೆ ಸಿಕ್ಕಿದ್ದೂ ಒಂದು ಸ್ಪರ್ಶಶಕ್ತಿಯೇ. ಅವನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗುತ್ತಾರೆ; ಆ ಶಕ್ತಿ ವರ ಕೊಟ್ಟವನನ್ನೇ ಓಡಿಸಿ, ಕಡೆಗೆ ಮೋಹಿನಿಯ ಕುಣಿತಕ್ಕೆ ಸಿಲುಕಿ ಪಡೆದವನ ತಲೆಯನ್ನೇ ಸುಡುತ್ತದೆ. ವರಕ್ಕೊಂದು ಗಡಿ, ಶಕ್ತಿಗೊಂದು ಬೆಲೆ, ಅದನ್ನು ಎದುರಿಸುವ ಇನ್ನೊಂದು ಉಪಾಯ ಎಂಬ ಕಟ್ಟಿನ ಮೇಲೆ ಇಡೀ ಕಥೆ ನಿಂತಿದೆ. ‘ಯಕ್ಷಗಾನ ಬಯಲಾಟ’ದಂಥ ಆಧಾರಗ್ರಂಥವನ್ನು 1957ರಲ್ಲೇ ಬರೆದಿದ್ದ ಕಾರಂತರಿಗೆ ಈ ಕಟ್ಟು ತಿಳಿಯದಿರಲು ಸಾಧ್ಯವೇ ಇಲ್ಲ. ಹಾಗಿದ್ದರೂ ಮೂಕಜ್ಜಿಯ ಸ್ಪರ್ಶಶಕ್ತಿಗೆ ಅವರು ಗಡಿಯನ್ನೂ ಇಟ್ಟಿಲ್ಲ, ಬೆಲೆಯನ್ನೂ ಕಟ್ಟಿಲ್ಲ, ಅದನ್ನು ಕಿತ್ತುಕೊಳ್ಳಲು ಹೊಂಚುವ ವಿರೋಧಿಯನ್ನೂ ತಂದಿಲ್ಲ.

ವಸ್ತುವನ್ನು ಮುಟ್ಟಿ ಅದರ ಪೂರ್ವಕಥೆಯನ್ನು ಹೇಳುವ ಇಂಥ ಶಕ್ತಿಯ ಕಲ್ಪನೆ ಪಶ್ಚಿಮದಲ್ಲೂ ಇತ್ತು. ಅಮೆರಿಕದ ವೈದ್ಯ ಜೋಸೆಫ್ ರೋಡ್ಸ್ ಬುಕಾನನ್ 1842ರಲ್ಲಿ ಅದಕ್ಕೆ ಸೈಕೊಮೆಟ್ರಿ ಎಂಬ ಹೆಸರಿಟ್ಟಿದ್ದನು. ವಿಜ್ಞಾನ ಅದನ್ನು ಒಪ್ಪಲಿಲ್ಲ. ಮಕ್ಕಳಿಗೂ ದೊಡ್ಡವರಿಗೂ ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಸಂಪುಟಗಳನ್ನು ಬರೆದ, ಪವಾಡವೆಂದರೆ ಹುಬ್ಬೇರಿಸುತ್ತಿದ್ದ ಲೇಖಕನೊಬ್ಬ ಇಂಥ ಶಕ್ತಿಯನ್ನು ಕಾದಂಬರಿಯ ನಡುಮನೆಗೆ ತಂದುದರಿಂದ ಇನ್ನೊಂದು ಬಗೆಯ ಓದುಗನಿಗೂ ನಿರಾಶೆಯಾಗುತ್ತದೆ. ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’ಗಳ ವಾಸ್ತವವನ್ನು ಬಯಸಿ ಬಂದ ಇವನ ದೂರು ಮೊದಲಿನವನದಕ್ಕೆ ನೇರ ವಿರುದ್ಧವಾದುದು: ಅವನಿಗೆ ಅದ್ಭುತ ಸಾಲಲಿಲ್ಲ, ಇವನಿಗೆ ಅದ್ಭುತ ಇರಬಾರದಿತ್ತು. ಕಾವ್ಯಮೀಮಾಂಸಕ ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಬರುವ ಏಳು ರಸವಿಘ್ನಗಳನ್ನು ಹೇಳುವಾಗ ಮೊದಲು ಎತ್ತಿಕೊಳ್ಳುವುದು ಸಂಭಾವನಾವಿರಹವನ್ನು, ಎಂದರೆ ‘ಇದು ಆಗಬಹುದಾದದ್ದು’ ಎಂದು ಮನಸ್ಸಿಗೆ ತೋರದಿರುವ ಸ್ಥಿತಿಯನ್ನು. ಎರಡನೆಯ ಓದುಗನು ಎಡವುವುದು ಅಲ್ಲಿಯೇ.

ಮೊದಲನೆಯವನ ತೊಡಕು ಬೇರೆ. ನಾಟ್ಯಶಾಸ್ತ್ರವು ಅದ್ಭುತರಸವನ್ನು ನಿರ್ವಹಣ ಸಂಧಿಯಲ್ಲಿ, ಎಂದರೆ ಕಥೆಯ ಎಳೆಗಳೆಲ್ಲ ಕೂಡಿಬರುವ ಕಡೆಯ ಘಟ್ಟದಲ್ಲಿ, ಇರಿಸಬೇಕೆನ್ನುತ್ತದೆ. ‘ಮೂಕಜ್ಜಿಯ ಕನಸುಗಳು’ ಈ ಕ್ರಮವನ್ನು ತಲೆಕೆಳಗು ಮಾಡಿದೆ. ವಿಸ್ಮಯವೆಲ್ಲ ಆರಂಭದಲ್ಲೇ ವೆಚ್ಚವಾಗಿ, ಅಜ್ಜಿ ಕಂಡದ್ದು ನಿಜವೋ ಭ್ರಮೆಯೋ ಎಂಬ ತುಯ್ತವೂ ಬೇಗ ಸಡಿಲಗೊಳ್ಳುತ್ತದೆ. ಫ್ರಾನ್ಸಿನ ವಿಮರ್ಶಕ ತ್ಸ್ವೆತಾನ್ ತೊದೊರೊವ್ 1970ರಲ್ಲಿ ಅದ್ಭುತಸಾಹಿತ್ಯದ ಜೀವಾಳವೆಂದು ಗುರುತಿಸಿದ್ದು ಈ ತುಯ್ತವನ್ನೇ. ಸಂಗತಿಗೆ ಲೌಕಿಕ ಕಾರಣವಿದೆಯೋ ಇಲ್ಲವೋ ಎಂಬ ಅನುಮಾನ ತೀರಿದೊಡನೆ ಅದ್ಭುತವೂ ತೀರುತ್ತದೆಂಬುದು ಅವನ ವಾದ. ಸುಬ್ಬರಾಯನ ಸಂಶಯ ಕರಗಿದಂತೆ ಅಜ್ಜಿಯ ದರ್ಶನಗಳು ಪ್ರಾಚೀನ ಸಮಾಜದ ಪಾಠಗಳಾಗುತ್ತವೆ. ಆ ಪಾಠಗಳಲ್ಲಿ ಅವಳು ತಪ್ಪುವುದೇ ಇಲ್ಲ. ಮಾನವಶಾಸ್ತ್ರದ ಗ್ರಂಥಗಳನ್ನು ಓದಿಕೊಂಡ ಕಾರಂತರು ಅವಳ ಬೆನ್ನ ಹಿಂದೆ ಕುಳಿತು ಹೇಳಿಕೊಡುತ್ತಿದ್ದಾರೆಂಬ ಗುಮಾನಿ ಓದುಗನಿಗೆ ಬಂದರೆ ಅದು ಅವನ ಅಲ್ಪಮತಿಯಲ್ಲ. ನಡುವಿನ ಅಧ್ಯಾಯಗಳ ವಿಷಯದಲ್ಲಿ ಅವನ ದೂರನ್ನು ಒಪ್ಪಲೇಬೇಕು.

ಆದರೆ ಕಾರಂತರು ಮುನ್ನುಡಿಯಲ್ಲೇ ಈ ಕೃತಿಗೆ ನಾಯಕನೂ ಇಲ್ಲ, ನಾಯಕಿಯೂ ಇಲ್ಲ, ಸಂಪ್ರದಾಯದಿಂದ ಗಟ್ಟಿಯಾದ ಮನಸ್ಸುಗಳನ್ನು ತುಸುತುಸುವೇ ಕರಗಿಸುವುದಷ್ಟೇ ಅಜ್ಜಿಯ ಕೆಲಸ ಎಂಬರ್ಥದ ಮಾತನ್ನು ಹೇಳಿ ಎಚ್ಚರಿಸಿದ್ದರು. ಜರ್ಮನಿಯ ಹಾನ್ಸ್ ರಾಬರ್ಟ್ ಯೌಸ್ ಎಂಬ ವಿದ್ವಾಂಸನು ನಿರೀಕ್ಷೆಯ ದಿಗಂತ ಎಂಬ ಪರಿಕಲ್ಪನೆಯನ್ನು ಬಳಸುತ್ತಾನೆ: ಹಿಂದೆ ಓದಿದ ಕೃತಿಗಳಿಂದ ಓದುಗನ ಮನಸ್ಸಿನಲ್ಲಿ ಒಂದು ದಿಗಂತ ಮೂಡಿರುತ್ತದೆ, ಹೊಸ ಕೃತಿ ಅದನ್ನು ತುಂಬುತ್ತದೆ ಅಥವಾ ಮುರಿಯುತ್ತದೆ. ಚಂದಮಾಮ ಪತ್ರಿಕೆಯ ಬೇತಾಳನಿಂದಲೋ ಹ್ಯಾರಿ ಪಾಟರನಿಂದಲೋ ದಿಗಂತವನ್ನು ಕಟ್ಟಿಕೊಂಡು ಬಂದವನಿಗೆ ಮೂಡೂರು ಸಪ್ಪೆಯಾಗುವುದು ಸಹಜ. ಅದೇ ಸೀಮೆಯ ನೆಲವನ್ನು ಬಲ್ಲವನಿಗಾದರೋ ಆಳುಪರ ರಾಜಧಾನಿಯಾಗಿದ್ದ ಬಾರಕೂರು, ಮೂಕಾಂಬಿಕಾ ದೇವಿಯ ಕೊಲ್ಲೂರು, ಕುಂದಾಪುರ ತಾಲೂಕಿನ ಬುದ್ಧನಜೆಡ್ಡುವಿನ ಬಂಡೆಯ ಮೇಲೆ ಆದಿಮ ಜನರು ಕೊರೆದ ಚಿತ್ರಗಳು ಇವೆಲ್ಲ ಒಟ್ಟಿಗೆ ನೆನಪಾಗಿ, ಕಾಲದ ಪದರಗಳನ್ನು ಮುಟ್ಟಿ ನೋಡುವ ಮುದುಕಿಯೊಬ್ಬಳು ಇಂಥಲ್ಲಿ ಹುಟ್ಟಿದ್ದು ಅಸಂಗತವೆನಿಸುವುದಿಲ್ಲ. ಅಲ್ಲಿ ಅದ್ಭುತವು ಕಥೆಯ ಗುರಿಯಾಗದೆ, ಬಡ ಮನೆಯ ಜಗಲಿಯಿಂದ ಸಾವಿರಾರು ವರ್ಷಗಳ ಹಿಂದಕ್ಕೆ ಹೋಗಲು ಕಾರಂತರು ಹಿಡಿದ ಹತ್ತಿರದ ದಾರಿಯಾಗುತ್ತದೆ. ಅಗೆತಕ್ಕೂ ಶಾಸನಕ್ಕೂ ಸಿಗದ ಜನರ ಬಾಳನ್ನು ಓದುಬರಹವಿಲ್ಲದ ಹೆಂಗಸಿನ ಬಾಯಿಂದ ಹೇಳಿಸಲು ಅವರಿಗೆ ಬೇರೆ ದಾರಿ ಇತ್ತೇ ಎಂಬುದನ್ನೂ ಕೇಳಿಕೊಳ್ಳಬೇಕು.

ಅದ್ಭುತವನ್ನೇ ಹುಡುಕುತ್ತ ಹೋದವನ ಕಣ್ಣಿಗೆ ಬೀಳದೆ ಉಳಿಯುವ ಭಾಗವೆಂದರೆ ನಾಗಿಯ ಕಥೆ. ಗಂಡ ರಾಮಣ್ಣನಿಂದ ದೂರವಾಗಿ ಊರಿನವರ ಬಾಯಿಗೆ ಬಿದ್ದ ಈ ಹೆಣ್ಣನ್ನು ಮೂಕಜ್ಜಿ ಅರ್ಥಮಾಡಿಕೊಳ್ಳುವುದಕ್ಕೆ ಯಾವ ಅತೀಂದ್ರಿಯ ಶಕ್ತಿಯೂ ಬೇಕಾಗುವುದಿಲ್ಲ. ದಾಂಪತ್ಯವೆಂದರೇನೆಂದು ತಿಳಿಯುವ ಮೊದಲೇ ವೈಧವ್ಯ ಹೊತ್ತು, ದೇಹದ ಸುಖವನ್ನು ಅರಿಯದೆಯೇ ಮುಪ್ಪಾದ ಅವಳು ಕಾಮವನ್ನು ಪಾಪವೆನ್ನಲು ಒಪ್ಪದೆ ಆಡುವ ಮಾತುಗಳು ಪ್ರಾಗಿತಿಹಾಸದ ದರ್ಶನಗಳಿಗಿಂತ ಹೆಚ್ಚು ಬೆರಗು ಹುಟ್ಟಿಸುತ್ತವೆ. 2019ರಲ್ಲಿ ಪಿ. ಶೇಷಾದ್ರಿಯವರು ಈ ಕಾದಂಬರಿಯನ್ನು ಚಲನಚಿತ್ರವಾಗಿಸಿದಾಗ ಮೂಕಜ್ಜಿಯ ಪಾತ್ರವನ್ನು ವಹಿಸಿದವರು ರಂಗಭೂಮಿಯ ಹಿರಿಯ ನಟಿ ಬಿ. ಜಯಶ್ರೀ. ಅಜ್ಜಿ ಕಂಡದ್ದನ್ನೆಲ್ಲ ತೆರೆಯ ಮೇಲೆ ತೋರಿಸುವ ಅನುಕೂಲ ಕ್ಯಾಮೆರಾಕ್ಕೆ ಉಂಟು. ನಾಗಿಯ ಎದುರು ಕುಳಿತ ಅಜ್ಜಿಯನ್ನು ತೋರಿಸಬೇಕಾದಾಗ ಮಾತ್ರ ಆ ಅನುಕೂಲದಿಂದ ಏನೂ ಪ್ರಯೋಜನವಿಲ್ಲ, ಅಲ್ಲಿ ಬೇಕಾಗುವುದು ನಟಿಯ ಮುಖ ಮತ್ತು ದನಿ.