ಚಾವಣಿ ಏರುವುದನ್ನು ಕಾಯುವವರು

ಕ್ರೀಡಾಂಗಣವೊಂದು ಪಾಯದಿಂದ ಮೇಲೇಳುವಾಗ ಕಣ್ಣಿಗೆ ಬೀಳುವ ದೊಡ್ಡ ಕೆಲಸಗಳಲ್ಲಿ ಚಾವಣಿಯದು ಕೊನೆಯದು. ಆದರೂ ಅಭಿಮಾನಿಗಳು ಅತಿ ಹೆಚ್ಚು ತಾಳ್ಮೆಯಿಂದ ಕಾಯುವುದು ಅದಕ್ಕಾಗಿಯೇ. ತಂಡದ ಆಟವನ್ನು ಹಿಂಬಾಲಿಸುವಷ್ಟೇ ನಿಷ್ಠೆಯಿಂದ ಅದರ ಮೈದಾನದ ಸುತ್ತ ಏರುತ್ತಿರುವ ಉಕ್ಕನ್ನು ಹಿಂಬಾಲಿಸುವ ಹವ್ಯಾಸವೊಂದು ಕಳೆದ ಎರಡು ದಶಕಗಳಲ್ಲಿ ಜಗತ್ತಿನಾದ್ಯಂತ ಬೆಳೆದಿದೆ. ಲಂಡನ್ನಿನ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ 2019ರ ಏಪ್ರಿಲ್‌ನಲ್ಲಿ ತನ್ನ ಹೊಸ ಕ್ರೀಡಾಂಗಣವನ್ನು ತೆರೆಯುವ ಮುನ್ನ ಕಾಮಗಾರಿಯ ನೇರ ದೃಶ್ಯಗಳನ್ನು ಕ್ಯಾಮೆರಾ ಮೂಲಕ ತೋರಿಸಿತ್ತು. ಲಿವರ್‌ಪೂಲ್ ನಗರದ ಎವರ್ಟನ್ ಕ್ಲಬ್ಬಿನ ಹಡಗುಕಟ್ಟೆಯ ಕ್ರೀಡಾಂಗಣ ಹಾಗೂ ಬಾರ್ಸಿಲೋನಾದ ಕ್ಯಾಂಪ್ ನೌ ಕಾಮಗಾರಿಗಳನ್ನು ಹವ್ಯಾಸಿಗಳು ಡ್ರೋನ್ ಹಾರಿಸಿ ಚಿತ್ರೀಕರಿಸಿದ್ದು, ಆ ಊರುಗಳಿಗೆ ಎಂದೂ ಕಾಲಿಡದವರೂ ಅಲ್ಲಿನ ಕ್ರೇನುಗಳ ಚಲನೆಯನ್ನು ನೋಡುವಂತಾಯಿತು. ಹೀಗೆ ನೋಡುವುದು ಏಕೆ ಬೇಸರ ತರಿಸುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ: ಕಟ್ಟಿ ಮುಗಿದ ಚಾವಣಿ ತನ್ನ ಗುಟ್ಟನ್ನು ಮುಚ್ಚಿಕೊಳ್ಳುತ್ತದೆ, ಯಾವ ತೊಲೆ ಯಾವುದನ್ನು ಹೊತ್ತಿದೆ ಎಂಬುದು ಕಟ್ಟುತ್ತಿರುವಾಗ ಮಾತ್ರ ಕಾಣುತ್ತದೆ.

ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ನಾಗಸಂದ್ರ ಈ ಹವ್ಯಾಸಕ್ಕೆ ಒದಗಿಬಂದ ಜಾಗವೆಂದರೆ ಅತಿಶಯವಾಗದು, ಏಕೆಂದರೆ ಇಲ್ಲಿನ ಬದುಕೇ ಬಹುಮಟ್ಟಿಗೆ ಚಾವಣಿಗಳ ಕೆಳಗೆ ನಡೆಯುವಂಥದ್ದು. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳ ಸಾಲಿದೆ. 2015ರ ಮೇ 1ರಂದು ಹಸಿರು ಮಾರ್ಗದ ಕೊನೆಯ ನಿಲ್ದಾಣವಾಗಿ ತೆರೆದ ಮೆಟ್ರೊ ನಿಲ್ದಾಣವಿದೆ. ಅದಕ್ಕೆ ತಾಗಿಕೊಂಡಂತೆ 2022ರ ಜೂನ್‌ನಲ್ಲಿ ಬಾಗಿಲು ತೆರೆದ ಐಕಿಯಾ ಮಳಿಗೆಯ ವಿಶಾಲವಾದ ನೀಲಿ ಕಟ್ಟಡವಿದೆ. ಅಲ್ಲಿಂದ ಮಾದಾವರದವರೆಗಿನ ಮೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ಮೆಟ್ರೊ ವಿಸ್ತರಣೆ 2024ರ ನವೆಂಬರ್ 7ರಂದಷ್ಟೇ ಸಂಚಾರಕ್ಕೆ ತೆರೆಯಿತಾದ್ದರಿಂದ, ಕಂಬ ಎದ್ದು, ಗರ್ಡರ್ ಕೂತು, ಕೊನೆಗೆ ನಿಲ್ದಾಣದ ನೆತ್ತಿಗೆ ಶೀಟು ಬೀಳುವವರೆಗಿನ ಹಂತಗಳನ್ನು ಈ ಭಾಗದ ಜನ ವರ್ಷಗಟ್ಟಲೆ ಬಸ್ಸಿನ ಕಿಟಕಿಯಿಂದ ನೋಡಿದ್ದಾರೆ. ಯಾವ ಕಾಮಗಾರಿ ಎಲ್ಲಿ ನಿಂತಿದೆ ಎಂದು ದಾರಿಯಲ್ಲಿ ಹೋಗುತ್ತಲೇ ಅಂದಾಜು ಮಾಡುವ ಕಣ್ಣು ಇಲ್ಲಿ ತಾನಾಗಿ ಬೆಳೆಯುತ್ತದೆ.

ಪೀಣ್ಯದ ಶೆಡ್ಡಿನ ಚಾವಣಿಗೂ ದೊಡ್ಡ ಕ್ರೀಡಾಂಗಣದ ಚಾವಣಿಗೂ ವ್ಯಾಕರಣ ಒಂದೇ. ಕರಾವಳಿ ಮತ್ತು ಮಲೆನಾಡಿನ ಹೆಂಚಿನ ಮನೆಯಲ್ಲಿ ಇಳಿಜಾರಿನುದ್ದಕ್ಕೂ ಪಕಾಸಿ, ಅದರ ಮೇಲೆ ಅಡ್ಡಲಾಗಿ ರೀಪು, ರೀಪಿಗೆ ಸಿಕ್ಕಿಸಿದ ಹೆಂಚು ಎಂಬ ಕ್ರಮವಿದ್ದರೆ, ಶೆಡ್ಡಿನಲ್ಲಿ ಪಕಾಸಿಯ ಕೆಲಸವನ್ನು ರಾಫ್ಟರ್ ಅಥವಾ ಟ್ರಸ್ ಮಾಡುತ್ತದೆ, ರೀಪಿನ ಕೆಲಸವನ್ನು ಪರ್ಲಿನ್ ಎಂಬ ತೆಳು ಉಕ್ಕಿನ ಪಟ್ಟಿ ಮಾಡುತ್ತದೆ, ಹೆಂಚಿನ ಜಾಗದಲ್ಲಿ ಮಡಿಕೆ ಬಿದ್ದ ಬಣ್ಣದ ಶೀಟು ಕೂರುತ್ತದೆ. ಟ್ರಸ್ ಎಂದರೆ ಉಕ್ಕಿನ ಕೋಲುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಹಂದರ. ನಾಲ್ಕು ಮೂಲೆಯ ಚೌಕಟ್ಟು ಒತ್ತಿದರೆ ಓರೆಯಾಗುತ್ತದೆ, ಮೂರು ಮೂಲೆಯದು ಓರೆಯಾಗುವುದಿಲ್ಲ ಎಂಬ ಒಂದೇ ಸಂಗತಿಯ ಮೇಲೆ ಅದು ನಿಂತಿದೆ. ಹೀಗಾಗಿ ಮುಂಬಯಿಯಲ್ಲೋ ಮ್ಯಾಡ್ರಿಡ್‌ನಲ್ಲೋ ಏರುತ್ತಿರುವ ಚಾವಣಿಯ ಚಿತ್ರವನ್ನು ಫ್ಯಾಬ್ರಿಕೇಶನ್ ಕೆಲಸ ಬಲ್ಲವರು ನೋಡಿದಾಗ, ಅದು ಅವರಿಗೆ ಬೆರಗಿಗಿಂತ ಮೊದಲು ಲೆಕ್ಕವಾಗಿ ಕಾಣುತ್ತದೆ: ಎಷ್ಟು ತುಂಡುಗಳಾಗಿ ತಂದರು, ಜೋಡಣೆ ಬೋಲ್ಟಿನದೋ ವೆಲ್ಡಿಂಗಿನದೋ, ಕ್ರೇನು ಎಲ್ಲಿ ನಿಂತಿತು, ಮಳೆನೀರಿನ ಗಟರ್ ಯಾವ ಕಡೆಗೆ ಇಳಿಯುತ್ತದೆ.

ವ್ಯಾಕರಣ ಒಂದೇ ಆದರೂ ಕ್ರೀಡಾಂಗಣದಲ್ಲಿ ಒಂದು ದೊಡ್ಡ ತೊಡಕು ಎದುರಾಗುತ್ತದೆ. ಶೆಡ್ಡಿನ ಟ್ರಸ್ಸನ್ನು ಎರಡೂ ತುದಿಯಲ್ಲಿ ಕಂಬ ಹೊರುತ್ತದೆ. ಕ್ರೀಡಾಂಗಣದಲ್ಲಿ ಮುಂದಿನ ತುದಿಗೆ ಕಂಬ ಕೊಟ್ಟರೆ ಅದರ ಹಿಂದೆ ಕೂತವರಿಗೆ ಆಟ ಕಾಣುವುದಿಲ್ಲ. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಹಳೆಯ ಪರಿಹಾರವೇ ಕ್ಯಾಂಟಿಲಿವರ್, ಅಂದರೆ ಒಂದೇ ತುದಿಯಲ್ಲಿ ಹಿಡಿದು ಇನ್ನೊಂದು ತುದಿಯನ್ನು ಗಾಳಿಯಲ್ಲಿ ಬಿಟ್ಟ ತೊಲೆ. ಕನ್ನಡನಾಡಿನ ಪ್ರತಿ ತಾರಸಿ ಮನೆಯ ಕಿಟಕಿಯ ಮೇಲಿರುವ ಸಜ್ಜೆ ಇದರ ಮರಿ. ಎರಡಡಿಯ ಸಜ್ಜೆ ಮುಂದಕ್ಕೆ ಬಾಗಿ ಬೀಳದಂತೆ ಹಿಂದಿನ ಗೋಡೆಯ ಭಾರ ಅದನ್ನು ಒತ್ತಿ ಹಿಡಿದಿರುವಂತೆಯೇ, ಹತ್ತಾರು ಮೀಟರು ಚಾಚಿದ ಕ್ರೀಡಾಂಗಣದ ಚಾವಣಿಯ ಹಿಂಬದಿಯನ್ನು ಕೆಳಗಿನ ಪಾಯಕ್ಕೆ ಬಿಗಿದು ಕಟ್ಟಬೇಕಾಗುತ್ತದೆ. ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಪ್ರೇಕ್ಷಕರ ಕಣ್ಣಿಗೆ ಅಡ್ಡ ಬರುವ ಒಂದು ಕಂಬವೂ ಇಲ್ಲದಿರುವುದು ಈ ಉಪಾಯದಿಂದಲೇ.

ಭಾರ ಕೆಳಕ್ಕೆ ಎಳೆಯುವುದನ್ನು ಯಾರಾದರೂ ಊಹಿಸಬಲ್ಲರು. ಆದರೆ ತೆರೆದ ಚಾವಣಿಗೆ ಗಾಳಿಯೇ ದೊಡ್ಡ ಶತ್ರು, ಮತ್ತು ಗಾಳಿ ಅದನ್ನು ಮೇಲಕ್ಕೆ ಎತ್ತುತ್ತದೆ. ಬೆಂಗಳೂರಿನ ಹೊರವಲಯದ ಶೀಟಿನ ಮನೆಗಳ ಮೇಲೆ ಕಲ್ಲು, ಹಳೆಯ ಟೈರು, ಸಿಮೆಂಟ್ ಇಟ್ಟಿಗೆ ಹೇರಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಏಪ್ರಿಲ್-ಮೇ ತಿಂಗಳ ಸಂಜೆಯ ಬಿರುಗಾಳಿಗೆ ಹಾರಿಹೋಗುವ ಶೀಟು ಯಾವ ನಿಯಮಕ್ಕೆ ಒಳಪಟ್ಟಿದೆಯೋ ಅದೇ ನಿಯಮ ಕೋಟಿಗಟ್ಟಲೆ ಬೆಲೆಯ ಚಾವಣಿಗೂ ಅನ್ವಯಿಸುತ್ತದೆ. ಅಲ್ಲಿ ಕಲ್ಲಿನ ಬದಲು ಪಾಯಕ್ಕೆ ಇಳಿದ ಉಕ್ಕಿನ ಕಟ್ಟುಗಳಿರುತ್ತವೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಪರಿಹಾರ ಸೈಕಲ್ ಚಕ್ರದಿಂದ ಬಂದದ್ದು. ಚಕ್ರದ ತೆಳುವಾದ ಕಡ್ಡಿಗಳು ಒತ್ತಿದರೆ ಬಾಗುತ್ತವೆ, ಆದರೆ ಎಳೆದು ಬಿಗಿದಾಗ ಹೊರಗಿನ ರಿಮ್ಮನ್ನೂ ನಡುವಿನ ಗುಂಬವನ್ನೂ ಒಂದಕ್ಕೊಂದು ಹಿಡಿದಿಡುತ್ತವೆ. ಇದನ್ನು ಮಲಗಿಸಿ, ನಡುವಿನ ಗುಂಬವನ್ನು ಮೈದಾನದಷ್ಟು ಅಗಲದ ಉಂಗುರವಾಗಿ ಹಿಗ್ಗಿಸಿಕೊಂಡರೆ ಇಂದಿನ ಅನೇಕ ಕ್ರೀಡಾಂಗಣಗಳ ಚಾವಣಿ ದೊರೆಯುತ್ತದೆ: ಹೊರಗೆ ಒತ್ತಡ ತಾಳುವ ಉಕ್ಕಿನ ಬಳೆ, ಒಳಗೆ ಎಳೆತ ತಾಳುವ ಕೇಬಲ್ಲಿನ ಬಳೆ, ಎರಡರ ನಡುವೆ ಬಿಗಿದ ಕೇಬಲ್ಲುಗಳು. ಅಭಿಮಾನಿಗಳು ಉಸಿರು ಬಿಗಿಹಿಡಿದು ಕಾಯುವ ದಿನ ಬರುವುದು ಇಲ್ಲಿಯೇ. ಕೇಬಲ್ಲುಗಳ ಇಡೀ ಬಲೆಯನ್ನು ಮೊದಲು ಕೆಳಗೆ, ನೆಲದ ಮೇಲೂ ಆಸನಗಳ ಮೇಲೂ ಹಾಸಿ, ಅನಂತರ ಸುತ್ತಲಿನ ಬಳೆಯಲ್ಲಿ ಕೂರಿಸಿದ ಹೈಡ್ರಾಲಿಕ್ ಜ್ಯಾಕುಗಳಿಂದ ಇಂಚಿಂಚಾಗಿ ಎಳೆಯುತ್ತ ಏಕಕಾಲಕ್ಕೆ ಮೇಲೆತ್ತುತ್ತಾರೆ. ಟಾಟೆನ್‌ಹ್ಯಾಮ್‌ನಲ್ಲಿ 2018ರಲ್ಲಿ ನಡೆದದ್ದು ಇಂಥ ಎತ್ತುವಿಕೆಯೇ.

ಉಕ್ಕಿನ ಟ್ರಸ್ಸಿನ ಚಾವಣಿಯಲ್ಲಿ ಅದಕ್ಕೆ ಸಮನಾದ ಗಳಿಗೆ ತಾತ್ಕಾಲಿಕ ಆನಿಕೆಗಳನ್ನು ತೆಗೆಯುವುದು. ಮನೆ ಕಟ್ಟಿಸಿದವರೆಲ್ಲ ಇದರ ಸಣ್ಣ ರೂಪವನ್ನು ಅನುಭವಿಸಿದ್ದಾರೆ. ಮೋಲ್ಡ್ ಹಾಕುವ ದಿನ ಕೆಲಸಗಾರರಿಗೆ ಸಿಹಿ ಹಂಚಿ ಸಂಭ್ರಮಿಸುವ ಮನೆಯೊಡೆಯ, ಮೂರು ವಾರ ನೀರು ಹಾಕಿ ಕಾದಮೇಲೆ ಸೆಂಟ್ರಿಂಗ್ ಬಿಚ್ಚುವ ದಿನ ಮಾತ್ರ ಮೌನವಾಗಿರುತ್ತಾನೆ. ಆನಿಕೆ ಹೋದಾಗ ದೊಡ್ಡ ಚಾವಣಿ ತುಸು ಕುಸಿಯಲೇಬೇಕು. ಎಷ್ಟು ಕುಸಿಯುತ್ತದೆಂದು ಮೊದಲೇ ಲೆಕ್ಕ ಹಾಕಿ ಅಷ್ಟು ಎತ್ತರಿಸಿ ಕಟ್ಟಿರುತ್ತಾರೆ. ಲೆಕ್ಕಕ್ಕಿಂತ ಆತುರ ಮುಂದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ನೆದರ್‌ಲೆಂಡ್ಸಿನ ಎನ್‌ಸ್ಕೆಡೆ ಸಾಕ್ಷಿ: ಅಲ್ಲಿ 2011ರ ಜುಲೈ 7ರಂದು, ವಿಸ್ತರಣೆಯಲ್ಲಿದ್ದ ಕ್ರೀಡಾಂಗಣದ ಚಾವಣಿ ಕುಸಿದು ಇಬ್ಬರು ಕೆಲಸಗಾರರು ಸತ್ತರು, ಮತ್ತು ಉಕ್ಕಿನ ಹಂದರದ ಜೋಡಣೆ ಪೂರ್ತಿಯಾಗುವ ಮೊದಲೇ ಅದರ ಮೇಲೆ ಭಾರ ಹೇರಲಾಗಿತ್ತೆಂದು ತನಿಖೆ ಹೇಳಿತು.

ಕಾಯುವಿಕೆಯ ವಿಷಯಕ್ಕೆ ಬಂದರೆ ಕೆನಡಾದ ಮಾಂಟ್ರಿಯಲ್ ನಗರದವರನ್ನು ಮೀರಿಸುವವರಿಲ್ಲ. 1976ರ ಒಲಿಂಪಿಕ್ಸಿಗೆಂದು ರೊಜೆ ತಾಯಿಬೆರ್ ವಿನ್ಯಾಸಗೊಳಿಸಿದ ಅಲ್ಲಿನ ಕ್ರೀಡಾಂಗಣಕ್ಕೆ, ಓರೆಯಾದ ಗೋಪುರವೊಂದರಿಂದ ಕೊಡೆಯಂತೆ ಎತ್ತಿ ಇಳಿಸಬಲ್ಲ ಬಟ್ಟೆಯ ಚಾವಣಿ ಇರಬೇಕಿತ್ತು. ಕ್ರೀಡಾಕೂಟ ಮುಗಿದು ಹತ್ತು ವರ್ಷ ಕಳೆದ ಮೇಲೆ ಗೋಪುರ ಪೂರ್ಣಗೊಂಡಿತು, ಚಾವಣಿ ಬಂತು, ಹರಿಯಿತು, ಬದಲಾಯಿತು, ಬದಲಾದದ್ದೂ 1999ರ ಜನವರಿಯಲ್ಲಿ ಹಿಮದ ಭಾರಕ್ಕೆ ಕಿತ್ತುಬಂತು. ಸ್ಥಿರವಾದ ಹೊಸ ಚಾವಣಿಯ ನಿರ್ಧಾರ ಪ್ರಕಟವಾದದ್ದು 2024ರಲ್ಲಿ. ಒಂದು ಚಾವಣಿಯನ್ನು ಅಜ್ಜ, ಮಗ, ಮೊಮ್ಮಗ ಮೂವರೂ ಕಾದ ಊರು ಅದು.

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಕತೆಯಲ್ಲೂ ಅಪೂರ್ಣ ಕಟ್ಟಡದ ಅಧ್ಯಾಯವಿದೆ. 1974ರ ನವೆಂಬರ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಇಲ್ಲಿ ಮೊದಲ ಟೆಸ್ಟ್ ನಡೆದಾಗ ಕಟ್ಟಡದ ಕೆಲಸ ಇನ್ನೂ ಮುಗಿದಿರಲಿಲ್ಲ; ಆ ಪಂದ್ಯದಲ್ಲಿ ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಇಬ್ಬರೂ ಪದಾರ್ಪಣೆ ಮಾಡಿದರು, ಗ್ರೀನಿಜ್ 93 ಮತ್ತು 107 ಹೊಡೆದರು. ಚಾವಣಿಯ ಮಟ್ಟಿಗೆ ಈ ಕ್ರೀಡಾಂಗಣ ಸುದ್ದಿಯಾದದ್ದು 2015ರಲ್ಲಿ, ಪ್ರೇಕ್ಷಕರ ಅಂಕಣದ ಮೇಲೆ 400 ಕಿಲೋವಾಟ್ ಸಾಮರ್ಥ್ಯದ ಸೌರಫಲಕಗಳನ್ನು ಹೊದಿಸಿದಾಗ. ನೆರಳಿಗೆಂದು ಕಟ್ಟಿದ ಚಾವಣಿ ಬಿಸಿಲನ್ನೇ ದುಡಿಸಿಕೊಂಡದ್ದು ಸೊಗಸಾದ ಉಪಾಯ, ಆದರೆ ಅದರಿಂದ ಮಳೆಯ ಪ್ರಶ್ನೆ ಬಗೆಹರಿಯಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧದ ಟೆಸ್ಟ್, ಎ.ಬಿ. ಡಿವಿಲಿಯರ್ಸ್ ಅವರ ನೂರನೆಯ ಟೆಸ್ಟ್, ಮೊದಲ ದಿನದಾಟದ ನಂತರ ಪೂರ್ತಿ ಮಳೆಯಲ್ಲಿ ಕೊಚ್ಚಿಹೋಯಿತು.

ಕ್ರಿಕೆಟ್ ಮೈದಾನವನ್ನು ಪೂರ್ತಿ ಮುಚ್ಚುವುದು ಅಸಾಧ್ಯವೇನಲ್ಲ. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣದ ಸರಿಯುವ ಚಾವಣಿಯ ಕೆಳಗೆ 2000ದ ಆಗಸ್ಟ್‌ನಲ್ಲೇ ಏಕದಿನ ಪಂದ್ಯ ನಡೆದಿದೆ. ಆದರೆ ಚೆಂಡು ಆಕಾಶಕ್ಕೆ ಏರುವ ಆಟ ಅದು, ಚಾವಣಿಗೆ ಬಡಿದ ಚೆಂಡಿಗೆ ಎಷ್ಟು ಓಟ ಎಂದು ನಿಯಮ ಬರೆಯಬೇಕಾಗುತ್ತದೆ. 2023ರ ಜನವರಿಯಲ್ಲಿ ಅದೇ ಮೈದಾನದ ಬಿಗ್ ಬ್ಯಾಷ್ ಪಂದ್ಯದಲ್ಲಿ ಹಾಗೆ ಬಡಿದ ಚೆಂಡಿಗೆ ಆರು ಓಟ ಕೊಟ್ಟಾಗ ನಕ್ಕವರೂ ಇದ್ದರು, ಗೊಣಗಿದವರೂ ಇದ್ದರು. ಬೆಂಗಳೂರು ಮೇಲಿನ ದಾರಿ ಬಿಟ್ಟು ಕೆಳಗಿನ ದಾರಿ ಹಿಡಿಯಿತು. 2017ರಲ್ಲಿ ಮೈದಾನದ ಹುಲ್ಲಿನಡಿ ಸಬ್‌ಏರ್ ಎಂಬ ವ್ಯವಸ್ಥೆಯನ್ನು ಅಳವಡಿಸಲಾಯಿತು. ನೆಲದಡಿಯ ಕೊಳವೆಗಳ ಮೂಲಕ ಗಾಳಿಯನ್ನು ಹೀರಿ, ಅದರೊಂದಿಗೆ ನೀರನ್ನೂ ಎಳೆದುಕೊಳ್ಳುವ ಈ ಯಂತ್ರ ನಿಮಿಷಕ್ಕೆ 10,000 ಲೀಟರ್ ನೀರು ಹೊರಹಾಕಬಲ್ಲದೆಂದು ಆಗ ಹೇಳಲಾಗಿತ್ತು. 2024ರ ಮೇ 18ರಂದು ಚೆನ್ನೈ ವಿರುದ್ಧದ ಐಪಿಎಲ್ ಪಂದ್ಯದಲ್ಲಿ ಮಳೆ ಬಂದು ನಿಂತ ಮೇಲೆ ಆಟ ಮುಂದುವರಿದು ಬೆಂಗಳೂರು ತಂಡ 27 ಓಟಗಳಿಂದ ಗೆದ್ದಾಗ ಅಭಿಮಾನಿಗಳು ಈ ಯಂತ್ರವನ್ನೂ ಒಬ್ಬ ಆಟಗಾರನಂತೆ ಕೊಂಡಾಡಿದರು. ಮುಂದಿನ ವರ್ಷದ ಮೇ 17ರಂದು ಕೋಲ್ಕತ್ತ ವಿರುದ್ಧದ ಪಂದ್ಯ ಟಾಸ್ ಕೂಡ ಇಲ್ಲದೆ ರದ್ದಾಯಿತು. ಬಿಡದ ಮಳೆಯ ಮುಂದೆ ನೆಲದಡಿಯ ಯಂತ್ರಕ್ಕೂ ಮಾಡುವುದೇನಿಲ್ಲ.

ಅದಾದ ಮೂರು ವಾರದೊಳಗೆ, 2025ರ ಜೂನ್ 4ರಂದು, ಬೆಂಗಳೂರು ತಂಡದ ಐಪಿಎಲ್ ಗೆಲುವಿನ ಸಂಭ್ರಮಕ್ಕೆ ನೆರೆದ ಜನರ ನೂಕುನುಗ್ಗಲಿನಲ್ಲಿ ಕ್ರೀಡಾಂಗಣದ ದ್ವಾರಗಳ ಬಳಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಚಾವಣಿಯ ಚೆಂದವನ್ನು ನೋಡುವ ಕಣ್ಣು ಗೇಟಿನ ಅಗಲವನ್ನೂ ನೋಡಬೇಕಿತ್ತು ಎಂಬ ಮಾತು ಅಂದಿನಿಂದ ಈ ಹವ್ಯಾಸಕ್ಕೆ ಅಂಟಿಕೊಂಡಿದೆ, ಅಂಟಿಕೊಳ್ಳಲೂಬೇಕು. ಆ ದುರಂತದ ನಂತರ, ಬೆಂಗಳೂರಿಗೆ ನಿಗದಿಯಾಗಿದ್ದ ಮಹಿಳೆಯರ ವಿಶ್ವಕಪ್ ಪಂದ್ಯಗಳಲ್ಲಿ ಹಲವು ನವಿ ಮುಂಬಯಿಗೆ ಹೋದವು. ನವೆಂಬರ್ 2ರಂದು, ಮಳೆಯಿಂದ ತಡವಾಗಿ ಶುರುವಾದ ಫೈನಲ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು ಸೋಲಿಸಿದ್ದನ್ನು ಬೆಂಗಳೂರಿನವರು ಡಿ.ವೈ. ಪಾಟೀಲ್ ಕ್ರೀಡಾಂಗಣದ ಕಂಬವಿಲ್ಲದ ಚಾವಣಿಯೊಂದಿಗೇ ದೂರದಿಂದ ನೋಡಿದರು. ಅದೇ ತಿಂಗಳ 22ರಂದು ಬಾರ್ಸಿಲೋನಾ ತಂಡ ಎರಡು ವರ್ಷಕ್ಕೂ ಹೆಚ್ಚು ಕಾಲದ ನಂತರ ಕ್ಯಾಂಪ್ ನೌಗೆ ಮರಳಿ ಆಡಿತು, ಆದರೆ ಅದರ ಹೊಸ ಚಾವಣಿ ಆಗಿನ್ನೂ ಬಂದಿರಲಿಲ್ಲ. ಹಣ ಅಥವಾ ಕಾಲ ಸಾಲದಾದಾಗ ಮುಂದಕ್ಕೆ ಹೋಗುವುದು ಯಾವಾಗಲೂ ಚಾವಣಿಯೇ. ಪಂದ್ಯಕ್ಕೆ ಆಸನ ಬೇಕು, ನೆರಳು ಕಾಯಬಹುದು.

ನಗರದ ಇನ್ನೊಂದು ತುದಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯಾಚೆ ಬೊಮ್ಮಸಂದ್ರದ ಸೂರ್ಯನಗರದಲ್ಲಿ, 80,000 ಆಸನಗಳ ಕ್ರೀಡಾಂಗಣವೊಂದನ್ನು ಕಟ್ಟುವ ಯೋಜನೆಯನ್ನು ರಾಜ್ಯ ಸರ್ಕಾರ 2025ರಲ್ಲಿ ಪ್ರಕಟಿಸಿತು. ಅದೇ ವರ್ಷದ ಆಗಸ್ಟ್ 10ರಂದು ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ತೆರೆದಿರುವುದರಿಂದ, ನಾಗಸಂದ್ರದಲ್ಲಿ ಹಸಿರು ಮಾರ್ಗದ ರೈಲು ಹತ್ತಿದವರು ಆರ್.ವಿ. ರಸ್ತೆಯಲ್ಲಿ ಒಮ್ಮೆ ಬದಲಿಸಿ ಅಲ್ಲಿಗೆ ತಲುಪಬಹುದು. ಇಂಥ ಕಾಮಗಾರಿಯಲ್ಲಿ ಚಾವಣಿಯ ಮೊದಲ ಗುರುತು ಆಕಾಶದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಚಾವಣಿಯ ಹಿಂಬದಿಯನ್ನು ಬಿಗಿಯಬೇಕಾದ ಜಾಗಗಳಲ್ಲಿ, ಪಾಯದ ಕಾಂಕ್ರೀಟಿನೊಳಗಿಂದ ಮೊಳದುದ್ದ ಹೊರಚಾಚಿ, ತುಕ್ಕು ಹಿಡಿಯದಂತೆ ಗ್ರೀಸ್ ಬಳಿದು ಗೋಣಿಚೀಲ ಸುತ್ತಿಟ್ಟ ಆಂಕರ್ ಬೋಲ್ಟುಗಳ ಗೊಂಚಲು ಅದು. ಆ ಬೋಲ್ಟುಗಳು ಎಷ್ಟು ದಪ್ಪ, ಎಷ್ಟು ಸಂಖ್ಯೆ ಎಂಬುದನ್ನು ಎಣಿಸಿದ ಫ್ಯಾಬ್ರಿಕೇಟರ್ ಒಬ್ಬ ಮೇಲೆ ಬರಲಿರುವ ಚಾವಣಿ ಎಷ್ಟು ದೂರ ಚಾಚಲಿದೆ ಎಂಬುದನ್ನು ಸರಿಸುಮಾರಾಗಿ ಹೇಳಿಬಿಡಬಲ್ಲ.