ಹೊನ್ನಿನ ಬೆನ್ನುಹತ್ತಿದ ವಿದೂಷಕ

ತರಗತಿಯಲ್ಲಿ ರಸಗಳ ಪಾಠ ನಡೆಯುವಾಗ ಕರುಣಕ್ಕೆ ಸಲ್ಲುವ ಗೌರವ ಹಾಸ್ಯಕ್ಕೆ ಸಲ್ಲುವುದಿಲ್ಲ. ನಗೆ ಹಗುರವಾದುದೆಂದು ವಿದ್ಯಾರ್ಥಿಗಳು ಬಗೆಯುತ್ತಾರೆ. ಉಪಾಧ್ಯಾಯರಾದ ನಾವೂ ಹಾಗೆಯೇ ಬಗೆಯುವುದುಂಟು. ಆದರೆ ನಗಿಸುತ್ತ ನಗಿಸುತ್ತಲೇ ಕರುಣದ ಬಾಗಿಲಿಗೆ ಕರೆದೊಯ್ಯುವ ಕೃತಿಗಳಿವೆ. ಇಟಲಿಯ ನಿರ್ದೇಶಕ ಸೆರ್ಜಿಯೋ ಲಿಯೋನೆ 1966ರಲ್ಲಿ ತೆರೆಗೆ ತಂದ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ ಎಂಬ ಚಲಚ್ಚಿತ್ರ ಅಂಥದೊಂದು.

ಕಥೆ ಅಮೆರಿಕದ ಅಂತರ್ಯುದ್ಧದ ಕಾಲದ್ದು. ಎರಡು ಲಕ್ಷ ಡಾಲರ್ ಬೆಲೆಯ ಚಿನ್ನ ಒಂದು ಗೋರಿಯಲ್ಲಿ ಅಡಗಿದೆ. ಸ್ಮಶಾನದ ಹೆಸರು ಟೂಕೋ ಎಂಬ ದರೋಡೆಗಾರನಿಗೆ ಗೊತ್ತು. ಗೋರಿಯ ಗುರುತು ಅವನ ಜೊತೆಗಾರ ಬ್ಲಾಂಡಿಗೆ ಗೊತ್ತು. ಇವರ ಹಿಂದೆಯೇ ಏಂಜಲ್ ಐಸ್ ಎಂಬ ಕಡುಪಾಪಿಯೊಬ್ಬ ಹೊಂಚುತ್ತಿದ್ದಾನೆ. ಅವಕಾಶ ಸಿಕ್ಕರೆ ಪರಸ್ಪರ ಕೊಲ್ಲಲು ಹಿಂಜರಿಯದ ಈ ಜೊತೆಗಾರರು, ಅರ್ಧರ್ಧ ಗುಟ್ಟಿನ ಕಾರಣದಿಂದ ಒಬ್ಬರನ್ನೊಬ್ಬರು ಕಣ್ಣಿನಂತೆ ಕಾಪಾಡಬೇಕಾಗುತ್ತದೆ. ಸ್ನೇಹ ಮಾಡದ ಕೆಲಸವನ್ನು ಲೋಭ ಮಾಡಿತು!

ಒಳ್ಳೆಯವನಾಗಿ ಕ್ಲಿಂಟ್ ಈಸ್ಟ್‌ವುಡ್, ಕೆಟ್ಟವನಾಗಿ ಲೀ ವ್ಯಾನ್ ಕ್ಲೀಫ್ ಇದ್ದರೂ ನಮ್ಮ ಮನಸ್ಸನ್ನು ಸೂರೆಗೊಳ್ಳುವವನು ಏಲೈ ವಾಲಕ್ ಅಭಿನಯಿಸಿದ ಕುರೂಪಿ ಟೂಕೋ. ವಿಕೃತವಾದ ವೇಷ, ಮಾತು, ಚೇಷ್ಟೆಗಳಿಂದ ಹಾಸ್ಯ ಹುಟ್ಟುತ್ತದೆಂದು ನಮ್ಮ ಆಲಂಕಾರಿಕರು ಹೇಳಿದ್ದಾರಷ್ಟೆ. ಟೂಕೋನಲ್ಲಿ ಆ ಎಲ್ಲವೂ ಇವೆ. ಹೆಣವನ್ನು ಕಂಡೊಡನೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುವ ಕೈಯೇ ಮರುಗಳಿಗೆಯಲ್ಲಿ ಕಳವಿಗೆ ಚಾಚುತ್ತದೆ. ಸಂಸ್ಕೃತ ನಾಟಕದ ವಿದೂಷಕ ತಿಂಡಿಗೆ ಬಾಯಿಬಿಟ್ಟಂತೆ ಇವನು ಚಿನ್ನಕ್ಕೆ ಬಾಯಿಬಿಡುತ್ತಾನೆ.

ಹೀಗೆ ನಗುತ್ತಿರುವಾಗಲೇ ಕಥೆ ಒಂದು ಮಠವನ್ನು ಹೊಗುತ್ತದೆ. ಅಲ್ಲಿ ಟೂಕೋನ ಅಣ್ಣ ಪಾದ್ರಿ. ತಾಯಿ ಎಂದೋ ತೀರಿದಳೆಂದೂ ತಂದೆ ಕೆಲವೇ ದಿನಗಳ ಹಿಂದೆ ಸತ್ತನೆಂದೂ ಅಣ್ಣನಿಂದ ತಿಳಿಯುತ್ತದೆ. ಅಣ್ಣ ಹಂಗಿಸಿದಾಗ ತಮ್ಮ ಸಿಡಿದೇಳುತ್ತಾನೆ: ಅವರ ಊರಿನಲ್ಲಿ ಹಸಿವಿನಿಂದ ಸಾಯಬಾರದೆಂದರೆ ಪಾದ್ರಿಯಾಗಬೇಕಿತ್ತು, ಇಲ್ಲವೇ ದರೋಡೆಗಾರನಾಗಬೇಕಿತ್ತು, ಅಣ್ಣ ಮನೆ ಬಿಟ್ಟಾಗ ತಂದೆತಾಯಿಗಳ ಬಳಿ ಉಳಿದವನು ತಾನು. ಇದೆಲ್ಲವನ್ನೂ ಬ್ಲಾಂಡಿ ಮರೆಯಲ್ಲಿ ಕೇಳಿದ್ದಾನೆ. ಅದನ್ನರಿಯದ ಟೂಕೋ ಹೊರಬಂದು, ಅಣ್ಣನಿಗೆ ತನ್ನ ಮೇಲೆ ಬಲು ಪ್ರೀತಿಯೆಂದೂ ಅವನ ಮನೆಯಲ್ಲಿ ತನಗೆ ಸದಾ ಒಂದು ಬಟ್ಟಲು ಸಾರು ಕಾದಿರುತ್ತದೆಂದೂ ಕೊಚ್ಚಿಕೊಳ್ಳುತ್ತಾನೆ. ಬ್ಲಾಂಡಿ ಸುಳ್ಳನ್ನು ಬಯಲುಮಾಡದೆ ತನ್ನ ಚುಟ್ಟವನ್ನು ಅವನಿಗೆ ನೀಡುತ್ತಾನೆ. ಇಡೀ ಚಿತ್ರದಲ್ಲಿ ದಯೆಯ ಗಳಿಗೆಗಳು ಕೆಲವೇ, ಅವುಗಳಲ್ಲಿ ಇದೊಂದು.

ಕೊನೆಗೆ ಸ್ಯಾಡ್ ಹಿಲ್ ಎಂಬ ಸ್ಮಶಾನ. ಎನ್ನಿಯೋ ಮೊರಿಕೋನೆಯ ಸಂಗೀತ ಏರುತ್ತಿರಲು ಟೂಕೋ ಗೋರಿಗಳ ನಡುವೆ ಹುಚ್ಚನಂತೆ ಓಡುತ್ತಾನೆ. ಆ ಗೋರಿಗಳು ಯುದ್ಧದಲ್ಲಿ ಮಡಿದವರವು. ಅವನ ಕಣ್ಣಿಗೆ ಮಾತ್ರ ಸಾವು ಕಾಣದು, ಹೆಸರುಗಳು ಕಾಣುತ್ತವೆ. ಚಿನ್ನವಾದರೋ ದೊರೆತದ್ದು ಹೆಸರೇ ಇಲ್ಲದ ಗೋರಿಯಲ್ಲಿ! ಕುಣಿಕೆಗೆ ಕೊರಳೊಡ್ಡಿ, ಅಲುಗಾಡುವ ಶಿಲುಬೆಯ ಮೇಲೆ ಕಾಲೂರಿ, ಎದುರಿಗೆ ಬಿದ್ದಿರುವ ತನ್ನ ಪಾಲಿನ ಹೊನ್ನನ್ನು ನೋಡುತ್ತ ನಿಂತ ಟೂಕೋನನ್ನು ಮರೆಯುವುದು ಸುಲಭವಲ್ಲ. ದೂರದಿಂದ ಬ್ಲಾಂಡಿ ಹಾರಿಸಿದ ಗುಂಡು ಹಗ್ಗವನ್ನು ಕತ್ತರಿಸುತ್ತದೆ. ಟೂಕೋ ಚಿನ್ನದ ಮೇಲೆಯೇ ಬೀಳುತ್ತಾನೆ. ಕೈ ಕಟ್ಟಿದೆ, ಕುದುರೆಯಿಲ್ಲ.

ಆ ಸ್ಮಶಾನ ಸ್ಪೇನ್ ದೇಶದ ಬುರ್ಗೋಸ್ ಪ್ರಾಂತದಲ್ಲಿ ಅಲ್ಲಿಯ ಸೈನಿಕರು ಚಿತ್ರಕ್ಕಾಗಿ ನಿರ್ಮಿಸಿಕೊಟ್ಟದ್ದು. ಚಿತ್ರೀಕರಣ ಮುಗಿದ ಬಳಿಕ ಹುಲ್ಲು ಅದನ್ನು ಮುಚ್ಚಿತು. 2015ರಲ್ಲಿ ಚಿತ್ರದ ಅಭಿಮಾನಿಗಳು ಗುದ್ದಲಿ ಹಿಡಿದು ಬಂದು ಮಣ್ಣನ್ನು ಸರಿಸಿ, ನಡುವಿನ ಕಲ್ಲುಹಾಸಿನ ವರ್ತುಲವನ್ನು ಹೊರತೆಗೆದರು. ಅಲ್ಲಿ ಚಿನ್ನವಿಲ್ಲವೆಂದು ಅವರಿಗೆ ತಿಳಿದೇ ಇತ್ತು. ಆದರೂ ಅಗೆದರು. ಅರ್ಧ ಶತಮಾನದ ಹಿಂದೆ ಅಲ್ಲಿ ಓಡಿದ ಒಬ್ಬ ಕಳ್ಳನ ಹೆಜ್ಜೆಗಳನ್ನು ಅರಸಿ ಅಷ್ಟು ಜನ ಬೆವರು ಸುರಿಸಿದರಲ್ಲ! ವಿದೂಷಕನಿಗೆ ಇದಕ್ಕಿಂತ ಹಿರಿದಾದ ಮರ್ಯಾದೆ ಯಾವ ನಾಟಕದಲ್ಲಿ ದೊರೆತಿದೆ?