ಹಡಗು ಏರುವ ಮುನ್ನ

ರೈಲು ತಪ್ಪಿದರೆ ಮುಂದಿನ ರೈಲು ಉಂಟು. ಬಸ್ಸಿನಲ್ಲಿ ತಲೆ ಸುತ್ತಿದರೆ ಕಂಡಕ್ಟರನಿಗೆ ಹೇಳಿ ಐದು ನಿಮಿಷ ಇಳಿದು ನಿಲ್ಲಬಹುದು. ಮನೆಯಲ್ಲಿ ಮರೆತುಬಂದ ಮಾತ್ರೆಯನ್ನು ಮುಂದಿನ ಊರಿನ ಅಂಗಡಿಯಲ್ಲಿ ಕೊಳ್ಳಬಹುದು. ಹಡಗಿನ ಪ್ರಯಾಣದಲ್ಲಿ ಈ ಮೂರು ಅನುಕೂಲಗಳೂ ಇಲ್ಲ. ಒಮ್ಮೆ ಲಂಗರು ಎತ್ತಿದ ಮೇಲೆ ಸುತ್ತಲೂ ನೀರು, ಮೇಲೆ ಆಕಾಶ. ದಡದಲ್ಲಿದ್ದಾಗ ಮಾಡಿಕೊಂಡ ಸಿದ್ಧತೆಯಷ್ಟೇ ಪ್ರಯಾಣಿಕನ ಜೊತೆಗೆ ಬರುವ ಆಸ್ತಿ.

ಹಿಂದಿನವರಿಗೆ ಹಡಗೆಂದರೆ ಪರದೇಶಕ್ಕೆ ಹೋಗುವ ದಾರಿ. 1930ರ ದಶಕದಲ್ಲಿ ವಿ. ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದದ್ದು ಹಡಗಿನಲ್ಲಿಯೇ. ವಿಮಾನಗಳು ಹೆಚ್ಚಿದಂತೆ ಆ ದಾರಿಯ ಹಡಗುಗಳು ಮರೆಯಾದವು. ಅವುಗಳ ಸ್ಥಾನಕ್ಕೆ ಬಂದ ವಿಹಾರನೌಕೆಯಲ್ಲಿ ಹಡಗೇ ಊರು, ಹಡಗೇ ಛತ್ರ, ಹಡಗೇ ಜಾತ್ರೆ. 2024ರ ಜನವರಿಯಲ್ಲಿ ಮೊದಲ ಯಾನಕ್ಕೆ ಹೊರಟ ‘ಐಕಾನ್ ಆಫ್ ದಿ ಸೀಸ್’ ಎಂಬ ನೌಕೆಯ ಉದ್ದ ಸುಮಾರು 365 ಮೀಟರು. 1912ರಲ್ಲಿ ಮುಳುಗಿದ ಟೈಟಾನಿಕ್ಕಿನ ಉದ್ದ 269 ಮೀಟರು ಮಾತ್ರ. ನಮ್ಮ ದೇಶದಲ್ಲಿಯೂ 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ ನೌಕೆಯು ಮುಂಬಯಿಯಿಂದ ವಿಹಾರಯಾನವನ್ನು ಆರಂಭಿಸಿತು. ಅಂದಿನಿಂದ, ತೀರ್ಥಯಾತ್ರೆಯನ್ನೋ ಊಟಿಯನ್ನೋ ಯೋಚಿಸುತ್ತಿದ್ದ ಮಧ್ಯಮವರ್ಗದ ಮನೆಗಳಲ್ಲಿ ಹಡಗಿನ ಮಾತೂ ಕೇಳಿಬರುತ್ತಿದೆ.

ಮಾತಿನ ಹಿಂದೆಯೇ ಸಂದೇಹಗಳು. ಅಜ್ಜಿಗೆ ಊಟದ ಚಿಂತೆ, ತಾಯಿಗೆ ವಾಂತಿಯ ಚಿಂತೆ, ತಂದೆಗೆ ಖರ್ಚಿನ ಚಿಂತೆ. ಇವೆಲ್ಲ ನ್ಯಾಯವಾದ ಚಿಂತೆಗಳೇ. ಆದರೆ ಯಾರೂ ಚಿಂತಿಸದ ಒಂದೆರಡು ವಿಷಯಗಳು ಇವೆಲ್ಲಕ್ಕಿಂತ ದೊಡ್ಡವು. ಒಂದೊಂದಾಗಿ ನೋಡಬಹುದು.

ಯಾವ ಕಾಲ, ಯಾವ ಕೋಣೆ?

ಪ್ರತಿಯೊಂದು ಕಡಲಿಗೂ ತನ್ನದೇ ಆದ ಋತುಧರ್ಮವುಂಟು. ಜೂನಿನಿಂದ ಸೆಪ್ಟೆಂಬರಿನವರೆಗೆ ನೈರುತ್ಯ ಮಾರುತವು ಅರಬ್ಬೀ ಸಮುದ್ರವನ್ನು ಕಲಕುತ್ತಿರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಕರ್ನಾಟಕದ ಕರಾವಳಿಯ ಯಂತ್ರದೋಣಿಗಳು ಕೂಡ ದಡ ಬಿಡುವುದಿಲ್ಲ. ಮೊದಲ ಸಲ ಪಶ್ಚಿಮ ಕರಾವಳಿಯ ಯಾನಕ್ಕೆ ಹೊರಡುವವರಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳು ಹಿತಕರ. ಅಮೆರಿಕದ ಕಡೆಯ ಕೆರಿಬಿಯನ್ ಸಮುದ್ರದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತಗಳ ಕಾಲ. ಆಗ ಟಿಕೆಟ್ಟು ಅಗ್ಗವಾಗಿದ್ದರೆ ಕಾರಣವಿಲ್ಲದೆ ಅಲ್ಲ. ಹವೆ ಕೆಟ್ಟರೆ ದಾರಿಯನ್ನು ಬದಲಿಸುವ, ಬಂದರೊಂದನ್ನು ಬಿಟ್ಟುಬಿಡುವ ಅಧಿಕಾರ ಕಪ್ತಾನನಿಗೆ ಇದೆ. ಪ್ರಯಾಣಿಕನು ಒಪ್ಪಿಕೊಂಡ ಕರಾರಿನಲ್ಲಿಯೇ ಆ ಮಾತು ಸಣ್ಣ ಅಕ್ಷರಗಳಲ್ಲಿ ಇರುತ್ತದೆ.

ಕೋಣೆಗಳಲ್ಲಿ ಮುಖ್ಯವಾಗಿ ಮೂರು ಬಗೆ: ಕಿಟಕಿಯಿಲ್ಲದ ಒಳಕೋಣೆ, ತೆರೆಯಲಾಗದ ಗಾಜಿನ ಕಿಟಕಿಯ ಕೋಣೆ, ಬಾಲ್ಕನಿಯ ಕೋಣೆ. ಒಳಕೋಣೆ ಎಲ್ಲಕ್ಕಿಂತ ಅಗ್ಗ. ಹಗಲೆಲ್ಲ ಮೇಲಿನ ಅಂತಸ್ತಿನಲ್ಲಿ ಕಳೆದು ರಾತ್ರಿ ಮಲಗಲು ಮಾತ್ರ ಬರುವವರಿಗೆ ಅದು ಸಾಕು. ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿದಂತಾಗುವವರಿಗೆ ಮಾತ್ರ ಈ ಉಳಿತಾಯ ದುಬಾರಿಯಾದೀತು. ಆದರೆ ಕಿಟಕಿಗಿಂತ ಮುಖ್ಯವಾದುದು ಕೋಣೆ ಇರುವ ಜಾಗ. ಏತದ ಮರದಂತೆ ಹಡಗಿನ ಎರಡು ತುದಿಗಳು ಏರಿಳಿಯುತ್ತವೆ, ನಡುವು ಹೆಚ್ಚು ಅಲುಗದು. ಮೇಲಿನ ಅಂತಸ್ತು ತೂಗುತ್ತದೆ, ಕೆಳಗಿನದು ಕಡಿಮೆ. ಆದುದರಿಂದ ತಲೆಸುತ್ತಿನ ಭಯವಿರುವವರು ಹಡಗಿನ ನಟ್ಟನಡುವೆ, ಕೆಳ ಅಂತಸ್ತಿನಲ್ಲಿ ಕೋಣೆ ಕೇಳುವುದು ಜಾಣತನ. ವೃದ್ಧರಿದ್ದರೆ ಲಿಫ್ಟಿಗೆ ಸಮೀಪದ ಕೋಣೆ ಬೇಕು, ನೃತ್ಯಶಾಲೆಯ ಕೆಳಗಿನದು ಬೇಡ.

ಟಿಕೆಟ್ಟಿನೊಳಗೆ ಏನು, ಹೊರಗೆ ಏನು?

ಜಾಹೀರಾತಿನಲ್ಲಿ ಕಾಣುವ ಬೆಲೆಯು ಸಾಮಾನ್ಯವಾಗಿ ಒಂದು ಕೋಣೆಯಲ್ಲಿ ಇಬ್ಬರು ಇರುವರೆಂದು ಲೆಕ್ಕ ಹಾಕಿ, ಒಬ್ಬರಿಗೆ ಇಷ್ಟೆಂದು ಹೇಳಿದ ಬೆಲೆ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ಹಣವನ್ನು ತೆರಬೇಕಾಗಬಹುದು. ಕೋಣೆ, ಮುಖ್ಯ ಭೋಜನಶಾಲೆಯ ಊಟ ತಿಂಡಿ, ಈಜುಕೊಳ, ನಾಟಕ ಸಂಗೀತಗಳು ಇದರೊಳಗೆ ಸೇರಿರುತ್ತವೆ. ಬಂದರಿನ ಶುಲ್ಕ ಹಾಗೂ ತೆರಿಗೆಗಳು, ತಂಪುಪಾನೀಯ, ವಿಶೇಷ ಹೋಟೆಲುಗಳು, ಬಟ್ಟೆ ಒಗೆತ, ಇಂಟರ್‌ನೆಟ್ಟು, ದಡದಲ್ಲಿ ಸುತ್ತಾಡಿಸುವ ಬಸ್ಸು ಬಹುಮಟ್ಟಿಗೆ ಬೇರೆ. ಅನೇಕ ನೌಕೆಗಳಲ್ಲಿ ಸೇವಕವರ್ಗದ ಭಕ್ಷೀಸನ್ನು ದಿನಕ್ಕೆ, ತಲೆಗೆ ಇಷ್ಟೆಂದು ಲೆಕ್ಕದಲ್ಲಿಯೇ ಸೇರಿಸುತ್ತಾರೆ. ನಾಲ್ವರ ಕುಟುಂಬಕ್ಕೆ ವಾರದ ಕೊನೆಗೆ ಅದು ಸಣ್ಣ ಮೊತ್ತವಲ್ಲ.

ಹಡಗಿನಲ್ಲಿ ನೋಟು ನಾಣ್ಯಗಳ ಚಲಾವಣೆ ವಿರಳ. ಕೋಣೆಯ ಬೀಗ ತೆರೆಯುವ ಚೀಟಿಯೇ ಕೈಚೀಲವೂ ಆಗಿರುತ್ತದೆ. ಅದನ್ನು ಕೊಟ್ಟರೆ ಸಾಕು, ಲೆಕ್ಕ ಬರೆದುಕೊಳ್ಳುತ್ತಾರೆ. ಕೈಯಿಂದ ಹಣ ಜಾರುವುದು ಕಣ್ಣಿಗೆ ಕಾಣದಿದ್ದರೆ ಮನಸ್ಸಿಗೆ ತಟ್ಟುವುದಿಲ್ಲ. ಮಕ್ಕಳ ಕೈಗೆ ಆ ಚೀಟಿ ಸಿಕ್ಕರಂತೂ ಹೇಳಬೇಕಾದುದಿಲ್ಲ. ಮಕ್ಕಳ ಚೀಟಿಗೆ ಖರ್ಚಿನ ಅನುಮತಿ ಬೇಡವೆಂದು ಮೊದಲ ದಿನವೇ ಕಚೇರಿಯಲ್ಲಿ ತಿಳಿಸಿ, ಪ್ರತಿರಾತ್ರಿ ಲೆಕ್ಕವನ್ನು ನೋಡಿಕೊಳ್ಳುವುದು ಒಳ್ಳೆಯದು. ಮೊಬೈಲು ಫೋನು ಇನ್ನೊಂದು ಗುಪ್ತಚೋರ. ನಡುಗಡಲಿನಲ್ಲಿ ಅದು ತಾನಾಗಿಯೇ ಹಡಗಿನ ಉಪಗ್ರಹ ಸಂಪರ್ಕವನ್ನು ಹಿಡಿದರೆ ಮನೆಗೆ ಬಂದ ಮೇಲೆ ಬಿಲ್ಲು ಬೆಚ್ಚಿಬೀಳಿಸುತ್ತದೆ. ಹಡಗು ಹೊರಡುತ್ತಲೇ ಫೋನನ್ನು ವಿಮಾನಯಾನದ ಸ್ಥಿತಿಗೆ ತಿರುಗಿಸತಕ್ಕದ್ದು.

ಕಾಗದಪತ್ರ ಮತ್ತು ಗಂಟುಮೂಟೆ

ಭಾರತದ ಬಂದರುಗಳ ನಡುವೆಯೇ ಸಂಚರಿಸುವ ನೌಕೆಗೆ ಭಾವಚಿತ್ರವುಳ್ಳ ಸರ್ಕಾರಿ ಗುರುತಿನ ಚೀಟಿ ಸಾಕು. ಪರದೇಶದ ಬಂದರನ್ನು ಮುಟ್ಟುವುದಾದರೆ ಪಾಸ್‌ಪೋರ್ಟು ಬೇಕು, ಅದರ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ಅನೇಕರು ಎಡವುವುದು ವೀಸಾದಲ್ಲಿ. ಸಿಂಗಪುರದಿಂದ ಹೊರಟು, ಬೇರೆ ದೇಶದ ಬಂದರುಗಳನ್ನು ನೋಡಿ, ಮರಳಿ ಸಿಂಗಪುರಕ್ಕೇ ಬರುವ ನೌಕೆಯ ಪ್ರಯಾಣಿಕನು ಆ ದೇಶವನ್ನು ಎರಡು ಸಲ ಪ್ರವೇಶಿಸಿದಂತಾಯಿತು. ಒಂದೇ ಪ್ರವೇಶಕ್ಕೆ ಸಲ್ಲುವ ವೀಸಾ ಹಿಡಿದು ಹೊರಟವನನ್ನು ಹಡಗು ಹತ್ತಿಸಿಕೊಳ್ಳದೆ ಇರಬಹುದು. ದಡಕ್ಕೆ ಇಳಿಯದೆ ಹಡಗಿನಲ್ಲಿಯೇ ಇರುತ್ತೇವೆ ಎಂಬ ಮಾತು ಎಲ್ಲ ಕಡೆಯೂ ನಡೆಯುವುದಿಲ್ಲ. ಇನ್ನು ಹೆಸರು: ನಮ್ಮಲ್ಲಿ ಊರು, ತಂದೆಯ ಹೆಸರು ಎಲ್ಲವೂ ಒಂದೆರಡು ಅಕ್ಷರಗಳಲ್ಲಿ ಅಡಗಿರುತ್ತವೆ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗೆ ಬಿಡಿಸಿ ಬರೆದಿದೆಯೋ ಟಿಕೆಟ್ಟಿನಲ್ಲಿಯೂ ಹಾಗೆಯೇ ಇರಬೇಕು.

ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲಿಯೇ ಒಪ್ಪಿಸಿದರೆ ಅವು ಕೋಣೆಯ ಬಾಗಿಲಿಗೆ ಬಂದು ಸೇರುವುದು ಕೆಲವು ಗಂಟೆಗಳ ಮೇಲೆ. ಆದಕಾರಣ ಔಷಧಿ, ಕನ್ನಡಕ, ಕಾಗದಪತ್ರ, ಮಗುವಿನ ಹಾಲಿನ ಪುಡಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿಯೇ ಇರಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಯವರು ಪ್ರಯಾಣದ ದಿನಗಳಿಗಿಂತ ಹೆಚ್ಚು ದಿನಗಳಿಗೆ ಆಗುವಷ್ಟು ಮಾತ್ರೆಗಳನ್ನು, ವೈದ್ಯರ ಚೀಟಿಯ ಸಮೇತ ಒಯ್ಯತಕ್ಕದ್ದು. ಹಡಗಿನಲ್ಲಿ ವೈದ್ಯರೂ ಚಿಕಿತ್ಸಾಲಯವೂ ಇರುತ್ತವೆ ನಿಜ. ಶುಲ್ಕವು ಊರಿನ ವೈದ್ಯರ ಶುಲ್ಕದಂತಲ್ಲ. ಕಾಯಿಲೆ ಗಂಭೀರವಾದರೆ ರೋಗಿಯನ್ನು ದಡಕ್ಕೆ ಸಾಗಿಸುವ ವೆಚ್ಚ ಕುಟುಂಬದ ಉಳಿತಾಯವನ್ನೇ ನುಂಗಬಲ್ಲುದು. ಆ ವೆಚ್ಚವನ್ನು ಭರಿಸುವ ಪ್ರವಾಸ ವಿಮೆಯಿಲ್ಲದೆ ವೃದ್ಧ ತಂದೆತಾಯಿಗಳನ್ನು ಹಡಗು ಹತ್ತಿಸಬಾರದು. 24 ವಾರ ತುಂಬಿದ ಗರ್ಭಿಣಿಯರನ್ನೂ ಆರು ತಿಂಗಳು ತುಂಬದ ಕೂಸುಗಳನ್ನೂ ಬಹುತೇಕ ನೌಕಾ ಸಂಸ್ಥೆಗಳು ಒಪ್ಪುವುದಿಲ್ಲ.

ಒಯ್ಯಬಾರದ ವಸ್ತುಗಳ ಪಟ್ಟಿಯಲ್ಲಿ ನಮ್ಮ ಗೃಹಿಣಿಯರಿಗೆ ಬೇಸರ ತರುವಂಥವು ಕೆಲವು ಉಂಟು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ವಿದ್ಯುತ್ ಸುರುಳಿ, ಅನ್ನದ ಕುಕ್ಕರು ಮುಂತಾದುವು ನಿಷಿದ್ಧ. ಮೇಣದಬತ್ತಿ, ಊದುಬತ್ತಿ, ಕರ್ಪೂರದಾರತಿಗಳೂ ಕೂಡದು. ಸುತ್ತಲೂ ನೀರಿದ್ದರೂ ನಾವಿಕನು ಎಲ್ಲಕ್ಕಿಂತ ಹೆಚ್ಚಾಗಿ ಹೆದರುವುದು ಬೆಂಕಿಗೆ. ನಿತ್ಯಪೂಜೆಯ ನಿಯಮವುಳ್ಳವರು ಆ ಕೆಲವು ದಿನ ಹೂವಿನಲ್ಲಿಯೂ ಸ್ತೋತ್ರದಲ್ಲಿಯೂ ತೃಪ್ತಿ ಕಾಣಬೇಕು.

ವಾಂತಿಯೂ ಊಟವೂ

ಕಣ್ಣು ಕಾಣುವ ಕೋಣೆ ನಿಶ್ಚಲ, ಕಿವಿಯೊಳಗಿನ ಸಮತೋಲದ ಅಂಗಕ್ಕೆ ತಿಳಿಯುವುದು ಚಲನೆ. ಈ ಎರಡು ಸಾಕ್ಷಿಗಳ ಮಾತು ಹೊಂದದೆ ಮೆದುಳು ಗೊಂದಲಕ್ಕೀಡಾಗುವುದೇ ಕಡಲಬೇನೆಯ ಮೂಲ. ದೊಡ್ಡ ನೌಕೆಗಳಲ್ಲಿ ನೀರಿನೊಳಗೆ ಎರಡು ಪಕ್ಕಗಳಿಗೂ ಮೀನಿನ ರೆಕ್ಕೆಯಂತಹ ಫಲಕಗಳನ್ನು ಚಾಚಿ ಓಲಾಟವನ್ನು ತಗ್ಗಿಸುತ್ತಾರೆ. ಆದ್ದರಿಂದ ಶಾಂತಸಮುದ್ರದಲ್ಲಿ ಅನೇಕರಿಗೆ ಏನೂ ಆಗುವುದಿಲ್ಲ. ಆದರೂ ಆದೀತೆಂಬ ಶಂಕೆಯುಳ್ಳವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಂತರೆ ತಾನೆ! ಕೋಣೆಯೊಳಗೆ ಮುದುರಿಕೊಂಡು ಓದುವುದಕ್ಕಿಂತ ಹೊರಗೆ ಗಾಳಿಯಲ್ಲಿ ನಿಂತು ದಿಗಂತವನ್ನು ನೋಡುವುದು ಮೇಲು. ಶುಂಠಿಯ ಚೂರು ಬಾಯಲ್ಲಿದ್ದರೆ ಕೆಲವರಿಗೆ ಹಿತ. ಪೂರ್ಣ ಉಪವಾಸವೂ ಬೇಡ, ಹಬ್ಬದೂಟವೂ ಬೇಡ.

ಸಸ್ಯಾಹಾರಿಗಳು ತಮ್ಮ ನಿಯಮವನ್ನು ಹಡಗಿನಲ್ಲಿ ಅಲ್ಲ, ಟಿಕೆಟ್ಟು ಕೊಳ್ಳುವಾಗಲೇ ತಿಳಿಸಬೇಕು. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿಗಳ ವಿಷಯವನ್ನು ಬಿಡಿಸಿ ಹೇಳಬೇಕು. ಪರದೇಶದ ಅಡಿಗೆಯವನ ಶಬ್ದಕೋಶದಲ್ಲಿ ಮೀನು ತಿನ್ನುವವನೂ ಸಸ್ಯಾಹಾರಿಯೆನಿಸಿಕೊಂಡಾನು. ಊಟದ ವಿಷಯದಲ್ಲಿ ನಿಜವಾದ ಅಪಾಯ ಬೇರೊಂದಿದೆ. ಸಾವಿರಾರು ಜನ ಒಂದೇ ಚಮಚವನ್ನು ಹಿಡಿದು ಬಡಿಸಿಕೊಳ್ಳುವ ಕಡೆ ನೋರೊವೈರಸ್ ಎಂಬ ಸೂಕ್ಷ್ಮಜೀವಿ ವಾಂತಿಭೇದಿಯನ್ನು ಬಲುಬೇಗ ಹರಡುತ್ತದೆ. ಬಾಗಿಲಲ್ಲಿ ಕೊಡುವ ಮದ್ಯಸಾರದ ದ್ರವವು ಇದರ ಮೇಲೆ ಅಷ್ಟಾಗಿ ಪರಿಣಾಮಕಾರಿಯಲ್ಲ. ಕೈಕಾಲು ತೊಳೆದು ಊಟಕ್ಕೆ ಕೂರಬೇಕೆಂಬ ನಮ್ಮ ಹಿರಿಯರ ಕಟ್ಟಳೆಯಂತೆ ಸೋಪು, ನೀರುಗಳಿಂದ ಕೈ ತೊಳೆಯುವುದೇ ಮದ್ದು.

ಬೇಸರಪಡಬಾರದ ಅರ್ಧ ಗಂಟೆ

ಹಡಗು ಹತ್ತಿದ ದಿನ ಪ್ರತಿಯೊಬ್ಬರೂ ತಮಗೆ ಗೊತ್ತುಮಾಡಿದ ಸ್ಥಳಕ್ಕೆ ಹೋಗಿ, ಲೈಫ್ ಜಾಕೆಟ್ ತೊಡುವ ಕ್ರಮವನ್ನು ನೋಡಿ, ಅಪಾಯದ ಸಂಕೇತವನ್ನು ಅರಿಯಬೇಕು. ಏಳು ಗಿಡ್ಡ ಕೂಗು, ಆಮೇಲೆ ಒಂದು ಉದ್ದ ಕೂಗು. ಇದೇ ಆ ಸಂಕೇತ. ಅನೇಕರು ಈ ತಾಲೀಮನ್ನು ಕಾಟಾಚಾರವೆಂದು ಬಗೆದು ಈಜುಕೊಳದ ಕಡೆ ನೋಡುತ್ತಾ ನಿಂತಿರುತ್ತಾರೆ.

ಅಂಥವರು 2012ರ ಜನವರಿ 13ರ ರಾತ್ರಿಯನ್ನು ನೆನೆಯಬೇಕು. ಇಟಲಿಯ ಜಿಲಿಯೊ ದ್ವೀಪದ ತೀರಾ ಸಮೀಪಕ್ಕೆ ಸಾಗಿದ ‘ಕೋಸ್ಟಾ ಕಾಂಕಾರ್ಡಿಯಾ’ ನೌಕೆ ಬಂಡೆಗೆ ತಗುಲಿತು. ಹಡಗಿನಲ್ಲಿ 4,200ಕ್ಕೂ ಹೆಚ್ಚು ಜನರಿದ್ದರು. ಅಂದು ಸಂಜೆಯಷ್ಟೇ ಹತ್ತಿದ ನೂರಾರು ಪ್ರಯಾಣಿಕರಿಗೆ ತಾಲೀಮು ಇನ್ನೂ ನಡೆದಿರಲಿಲ್ಲ. 24 ಗಂಟೆಗಳೊಳಗೆ ನಡೆಸಿದರೆ ಸಾಕೆಂದು ಆಗಿನ ನಿಯಮವಿತ್ತು. ಹಡಗನ್ನು ತೊರೆಯಬೇಕೆಂಬ ಆಜ್ಞೆ ಬರಲು ಒಂದು ಗಂಟೆಗೂ ಮಿಕ್ಕು ಹಿಡಿಯಿತು. ಅಷ್ಟರಲ್ಲಿ ನೌಕೆ ವಾಲಿ, ಒಂದು ಮಗ್ಗುಲಿನ ದೋಣಿಗಳನ್ನು ಇಳಿಸುವುದೇ ದುಸ್ತರವಾಗಿತ್ತು. 32 ಜನ ಸತ್ತರು. ಅವರಲ್ಲಿ ಭಾರತೀಯ ನೌಕರನೊಬ್ಬನೂ ಇದ್ದನು. ಅವನ ದೇಹ ದೊರೆತದ್ದು 2014ರ ನವೆಂಬರಿನಲ್ಲಿ. ಕಪ್ತಾನನಿಗೆ 2015ರಲ್ಲಿ 16 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಅಂತರರಾಷ್ಟ್ರೀಯ ನಿಯಮವೂ ಬದಲಾಯಿತು. 2015ರ ಜನವರಿ 1ರಿಂದ ಈ ತಾಲೀಮು ಹಡಗು ಹೊರಡುವ ಮೊದಲು, ಇಲ್ಲವೇ ಹೊರಟ ಕೂಡಲೇ ನಡೆಯಬೇಕು.

ಇಂತಹ ಅಪಘಾತಗಳು ಅಪರೂಪ. ಆದರೆ ಆ ಅರ್ಧ ಗಂಟೆಯ ಪಾಠದ ಬೆಲೆಯನ್ನು ತೆತ್ತವರು ಬೇರೆ ಯಾರೋ ಎಂಬುದನ್ನು ಮರೆಯಬಾರದು. ತಾಲೀಮು ಮುಗಿದ ಮೇಲೆ ಮನೆಯವರೆಲ್ಲ ಕೋಣೆಯಿಂದ ಆ ಸ್ಥಳಕ್ಕೆ ಲಿಫ್ಟಿಲ್ಲದೆ, ಮೆಟ್ಟಿಲ ಮೇಲೆಯೇ ಒಮ್ಮೆ ನಡೆದು ನೋಡಬೇಕು. ಮಗು ಆಟದ ಕೋಣೆಯಲ್ಲಿದ್ದಾಗ ಕೂಗು ಕೇಳಿದರೆ ಯಾರು ಅದನ್ನು ಕರೆತರುವರು, ಅಜ್ಜಿಯ ಕೈಯನ್ನು ಯಾರು ಹಿಡಿಯುವರು ಎಂಬುದನ್ನು ಅಲ್ಲಿಯ ಸಿಬ್ಬಂದಿಯನ್ನು ಕೇಳಿ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಹಡಗು ಕಾಯುವುದಿಲ್ಲ

ಚಳಿಗಾಲದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ವಿಹಾರನೌಕೆಗಳು ಬರುವುದುಂಟು. ಅವುಗಳ ಪ್ರಯಾಣಿಕರು ಕದ್ರಿಯ ದೇವಾಲಯವನ್ನೋ, ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೋ ನೋಡುತ್ತಿರುವಾಗ ಮಾರ್ಗದರ್ಶಿಯ ಕಣ್ಣು ಕಂಬಗಳ ಮೇಲಿರುವುದಕ್ಕಿಂತ ಹೆಚ್ಚಾಗಿ ಗಡಿಯಾರದ ಮೇಲಿರುತ್ತದೆ. ಹೊರಡುವ ವೇಳೆಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಹಡಗಿನ ಏಣಿಯನ್ನು ಎಳೆದುಕೊಳ್ಳುತ್ತಾರೆ. ಹಡಗಿನವರೇ ಏರ್ಪಡಿಸಿದ ಬಸ್ಸು ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ. ಸ್ವಂತ ಟ್ಯಾಕ್ಸಿ ಹಿಡಿದು ಹೋದವರಿಗಾಗಿ ಕಾಯುವುದಿಲ್ಲ. ಹಾಗೆ ಉಳಿದವರು ತಮ್ಮ ಖರ್ಚಿನಲ್ಲಿಯೇ ಮುಂದಿನ ಬಂದರನ್ನು ಸೇರಿಕೊಳ್ಳಬೇಕು.

ದಡಕ್ಕೆ ಇಳಿಯುವವನು ಆದಕಾರಣ ನಾಲ್ಕನ್ನು ಜೇಬಿನಲ್ಲಿಟ್ಟುಕೊಂಡಿರಬೇಕು: ಪಾಸ್‌ಪೋರ್ಟಿನ ಪ್ರತಿ, ಆ ಬಂದರಿನಲ್ಲಿ ಹಡಗಿನ ಏಜೆಂಟರ ಫೋನು ಸಂಖ್ಯೆ, ಒಂದು ದಿನದ ಮಾತ್ರೆ, ಸ್ವಲ್ಪ ಹಣ. ಕೈಗಡಿಯಾರವು ಹಡಗಿನ ಸಮಯವನ್ನು ತೋರಿಸುತ್ತಿದೆಯೋ ಊರಿನ ಸಮಯವನ್ನೋ ಎಂಬುದನ್ನು ಇಳಿಯುವಾಗಲೇ ಕೇಳಿಕೊಳ್ಳಬೇಕು. ಎರಡೂ ಎಲ್ಲ ವೇಳೆಯೂ ಒಂದೇ ಆಗಿರುವುದಿಲ್ಲ. ಯಾನದ ಮೊದಲ ದಿನಕ್ಕೂ ಇದೇ ಸೂತ್ರ. ಬೆಂಗಳೂರಿನಿಂದ ಮುಂಬಯಿಗೆ ಅದೇ ಬೆಳಗಿನ ವಿಮಾನವನ್ನು ನಂಬುವ ಬದಲು ಹಿಂದಿನ ದಿನವೇ ಹೋಗಿ ತಂಗುವುದು ಕ್ಷೇಮ. ಒಂದು ರಾತ್ರಿಯ ವಸತಿಯ ಖರ್ಚು, ತಪ್ಪಿಹೋದ ಹಡಗಿನ ಟಿಕೆಟ್ಟಿಗಿಂತ ಯಾವಾಗಲೂ ಕಡಿಮೆಯೇ.

ಇಷ್ಟನ್ನು ದಡದಲ್ಲಿಯೇ ಮುಗಿಸಿದವರಿಗೆ ಹಡಗಿನಲ್ಲಿ ಮಾಡಲು ಹೆಚ್ಚಿನ ಕೆಲಸ ಉಳಿಯುವುದಿಲ್ಲ. ಬೆಳಗಿನ ಕಾಫಿ ಹಿಡಿದು ಮೇಲಿನ ಅಂತಸ್ತಿನಲ್ಲಿ ನಿಂತು, ನೀರಿನಿಂದ ಸೂರ್ಯ ಮೇಲೇಳುವುದನ್ನು ಮನೆಯವರೆಲ್ಲ ಒಟ್ಟಾಗಿ ನೋಡಬಹುದು. ಅವರು ಹಣ ಕೊಟ್ಟದ್ದು ಅದಕ್ಕಾಗಿಯೇ ಅಲ್ಲವೆ?